ಶಿವಯೋಗ ಮಂದಿರದ ಮಣೆ, ಬನಶಂಕರಿಯ ಬಾಗಿಲು

ಬಾದಾಮಿಗೆ ಹೋದವರು ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಡದಲ್ಲಿ ಬುತ್ತಿ ಬಿಚ್ಚಿ ಉಂಡು, ಪಟ್ಟದಕಲ್ಲಿನ ಕಡೆ ಹೊರಟುಬಿಡುತ್ತಾರೆ. ಇನ್ನರ್ಧ ದಿನ ಕೈಯಲ್ಲಿದ್ದರೆ ಮಲಪ್ರಭೆಯ ದಡದ ಶಿವಯೋಗ ಮಂದಿರಕ್ಕೂ ಹೋಗಿಬನ್ನಿ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ವಟುಗಳ ಶಿಕ್ಷಣಕ್ಕೆಂದು ಕಟ್ಟಿದ ಸಂಸ್ಥೆಯಿದು. 1930ರಲ್ಲಿ ಲಿಂಗೈಕ್ಯರಾದ ಅವರ ಗದ್ದುಗೆಯೂ ಇಲ್ಲೇ ಇದೆ. ಇಲ್ಲಿ ತಯಾರಾಗುವ ವಿಭೂತಿಗೆ ನಮ್ಮ ಕಡೆ ಎಷ್ಟೊಂದು ಮನೆಗಳ ಜಗಲಿಯ ಮೇಲೆ ಜಾಗವಿದೆ!

ಇಂಥ ಮಠಗಳಿಗೆ ಹೋದಾಗ ನನ್ನ ಕಣ್ಣು ಮೊದಲು ಮರದ ಸಾಮಾನಿನ ಮೇಲೆ ಬೀಳುತ್ತದೆ. ನೆಲದ ಮೇಲೇ ಪೂಜೆ, ಪಾಠ, ಪ್ರಸಾದ. ಬೇಕಾದದ್ದು ಒಂದು ಮಣೆ, ಕಾಲಿಗೆ ಹಾವಿಗೆ, ಗ್ರಂಥಕ್ಕೆ ವ್ಯಾಸಪೀಠ, ಅಷ್ಟೆ. ವ್ಯಾಸಪೀಠವನ್ನು ಒಮ್ಮೆ ಮಡಿಚಿ ನೋಡಿ. ಒಂದೇ ಹಲಗೆಯನ್ನು ಸೀಳಿ, ನಡುವೆ ಹಲ್ಲಿಗೆ ಹಲ್ಲು ಬರುವಂತೆ ಕೊರೆದಿರುತ್ತಾರೆ. ಮೊಳೆಯಿಲ್ಲ, ತಿರುಪಿಲ್ಲ, ಅಂಟೂ ಇಲ್ಲ!

ಹಾಗಾದರೆ ನಮ್ಮ ಮನೆಗಳ ಕುರ್ಚಿ, ಮೇಜು, ಅಲಮಾರು ಎಲ್ಲಿಂದ ಬಂದವು? ಹೆಸರುಗಳೇ ಹೇಳುತ್ತವೆ. ಕುರ್ಚಿ ಅರಬ್ಬಿಯ ಮಾತು, ಮೇಜು ಪಾರಸಿಯದು, ಅಲಮಾರು ಪೋರ್ಚುಗೀಸರದು. ಆದರೆ ಇಂದು ನಾವು ಕಾಣುವ ಎಷ್ಟೋ ಆಕಾರಗಳು ಇಂಗ್ಲೀಷರ ಜೊತೆ ಬಂದವು.

ಇಂಗ್ಲೆಂಡಿನಲ್ಲೂ ಮೊದಲು ಓಕ್ ಮರದ ದಪ್ಪ ದಪ್ಪ ಪೀಠಗಳೇ ಇದ್ದವು. 1721ರಲ್ಲಿ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಮಹಾಗನಿ ಧಾರಾಳವಾಗಿ ಬರತೊಡಗಿತು. ಗಟ್ಟಿಮುಟ್ಟಾದ ಆ ಮರದಲ್ಲಿ ಸಣ್ಣ ಕೆತ್ತನೆಯೂ ನಿಲ್ಲುತ್ತಿತ್ತು. ಯಾರ್ಕ್‌ಶೈರಿನ ಬಡಿಗರ ಮನೆಯ ಮಗ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಕುರ್ಚಿ, ಮಂಚ, ಕಪಾಟುಗಳ ನಮೂನೆಗಳನ್ನೆಲ್ಲ ಪುಸ್ತಕವಾಗಿ ಅಚ್ಚುಹಾಕಿಸಿದ. ಹೆಪಲ್‌ವೈಟ್ ಎಂಬ ಇನ್ನೊಬ್ಬನ ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1788ರಲ್ಲಿ. ಪ್ರಕಟಿಸಿದವಳು ಹೆಂಡತಿ ಆಲಿಸ್! ಗುರಾಣಿಯಾಕಾರದ ಬೆನ್ನಿನ ಕುರ್ಚಿ ಕಂಡರೆ ಇಂದಿಗೂ ಅವನ ಹೆಸರೇ ಹೇಳುತ್ತಾರೆ. ನಂತರ ಬಂದ ಶೆರಾಟನ್ ನೆಟ್ಟಗಿನ ತೆಳು ಕಾಲುಗಳನ್ನು ರೂಢಿಗೆ ತಂದ.

ಕೊಡುಕೊಳ್ಳುವಿಕೆ ಒಂದೇ ಕಡೆಯಿಂದ ನಡೆಯಲಿಲ್ಲ. ಬೆತ್ತ ಹೆಣೆದ ಆಸನ 17ನೆಯ ಶತಮಾನದಲ್ಲಿ ಅವರಿಗೆ ಪೂರ್ವದೇಶಗಳ ವ್ಯಾಪಾರದಿಂದ ಸಿಕ್ಕದ್ದು. ಹಳೆಯ ಪ್ರವಾಸಿ ಬಂಗಲೆಗಳಲ್ಲಿ ಕಾಲು ಚಾಚಲು ಉದ್ದ ಕೈಗಳಿರುವ ಆರಾಮ ಕುರ್ಚಿ ನೋಡಿರುತ್ತೀರಲ್ಲ, ಅದು ಈ ಸೆಕೆಯ ನಾಡಿಗೆಂದೇ ಹುಟ್ಟಿದ ಆಕಾರ.

ಅಲ್ಲಿ ಪುಸ್ತಕ ಅಚ್ಚಾಯಿತು, ಬಡಿಗನ ಹೆಸರು ಉಳಿಯಿತು. ನಮ್ಮ ಬಡಿಗೇರರ ನಮೂನೆ ಮಾತ್ರ ತಂದೆಯ ಕೈಯಿಂದ ಮಗನ ಕೈಗೆ ಬಂದದ್ದು. ಅದನ್ನು ನೋಡಬೇಕಾದರೆ ಬನದ ಹುಣ್ಣಿಮೆಗೆ ಶುರುವಾಗುವ ಬನಶಂಕರಿ ಜಾತ್ರೆಗೆ ಬರಬೇಕು. ಬಾದಾಮಿಯಿಂದ ಐದು ಕಿಲೋಮೀಟರು. ಶಿವಯೋಗ ಮಂದಿರದಿಂದಲೂ ದೂರವಲ್ಲ. ನಾಟಕದ ತಂಬುಗಳಷ್ಟೇ ಹೆಸರಾದದ್ದು ಇಲ್ಲಿಯ ಬಾಗಿಲು ಚೌಕಟ್ಟುಗಳ ಸಾಲು. ಬಳ್ಳಿ, ಹೂವು ಕೆತ್ತಿದ ಚೌಕಟ್ಟುಗಳು ಮನೆಯಿಲ್ಲದೆ ಬರೀ ಬಾಗಿಲೇ ನಿಂತಂತೆ ನಿಂತಿರುತ್ತವೆ. ಹೊಸ ಮನೆ ಕಟ್ಟುವವರು ಜಾತ್ರೆಗಾಗಿಯೇ ಕಾಯುತ್ತಾರೆ.

"ಮೊಳಿ ಹೊಡದ್ರ ಲಗೂ ಆಗತೈತ್ರೀ ಅಕ್ಕಾರ, ಬಾಳಿಕಿ ಬರಂಗಿಲ್ಲ" ಎಂದರು ಅಲ್ಲಿಯ ಒಬ್ಬ ಹಿರಿಯ ಬಡಿಗೇರರು. ಒಂದು ಮರದ ತುದಿಯನ್ನು ನಾಲಗೆಯಂತೆ ಕೊರೆದು ಇನ್ನೊಂದರ ತೂತಿಗೆ ಕೂಡಿಸಿದ್ದನ್ನು ತೋರಿಸಿದರು. ಚಿಪ್ಪೆಂಡೇಲನ ಕುರ್ಚಿಯೂ ನಿಂತದ್ದು ಇಂಥದೇ ಕೂಡಿಕೆಯ ಮೇಲೆ.

ಕೊಳ್ಳುವ ಸೋದರಿಯರಿಗೆ ಎರಡು ಮಾತು. ಗೋಡೆ ಬಿಟ್ಟ ಜಾಗದ ಅಳತೆ ಬರೆದುಕೊಂಡೇ ಹೋಗಿ. ಪಾಲಿಶ್ ಮಿಂಚಿಗೆ ಮರುಳಾಗದೆ ಹಿಂಭಾಗ ನೋಡಿ, ಬಣ್ಣ ಹಚ್ಚದ ಮರವೇ ನಿಜ ಹೇಳುತ್ತದೆ. ಮೂಲೆಯ ಸಂದಿಗೆ ಹೊಟ್ಟು, ಅಂಟು ತುಂಬಿದ್ದರೆ ಬೇಡವೆನ್ನಿ. ಹಸಿಮರವಾದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಒಣಗಿದ್ದೇ ಎಂದು ಕೇಳಿಕೊಳ್ಳಿ.

ಕಾರ್ಖಾನೆಯ ಬಾಗಿಲು ಅಗ್ಗ, ಬೇಗ ಸಿಗುತ್ತದೆ, ನಿಜ. ಎಲ್ಲವನ್ನೂ ಬಡಿಗರಿಂದಲೇ ಮಾಡಿಸಲು ನಮ್ಮಂಥವರ ಕೈಲಾಗದು. ಆದರೆ ಹಬ್ಬಕ್ಕೆ ತೋರಣ ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ ತಲೆಬಾಗಿಲೊಂದನ್ನಾದರೂ ಬಡಿಗರ ಕೈಯಿಂದ ಮಾಡಿಸಬಹುದಲ್ಲವೇ? ಪುಸ್ತಕದಲ್ಲಿ ಬರೆದಿಡದ ವಿದ್ಯೆ, ಮಾಡಿಸುವವರು ಇರುವ ತನಕ ಮಾತ್ರ ಉಳಿಯುತ್ತದೆ.