ಮೊದಲ ಪಾಠಕ್ಕೆ ಮರಳಿದ ಜೊತೆಗಾರರು

ಕಲಿತ ವಿದ್ಯೆಯಿಂದ ಕೀರ್ತಿ ಪಡೆದವರು ಬಹುಮಂದಿ. ಕೀರ್ತಿ ಬಂದ ಬಳಿಕ ಮೊದಲ ಪಾಠವನ್ನು ಮತ್ತೆ ಒಪ್ಪಿಸಲು ಕುಳಿತವರು ವಿರಳ. ಅಂತಹ ವಿರಳರ ಪರಿಚಯ ನನಗಾದದ್ದು ಹಳೆಯ ಶಿಷ್ಯನೊಬ್ಬನು ಕೇಳಿಸಿದ ಇಂಗ್ಲಿಷ್ ಗೀತಸಂಪುಟದಿಂದ. ಲಂಡನ್ನಿನ ರೋಲಿಂಗ್ ಸ್ಟೋನ್ಸ್ ವಾದ್ಯಮೇಳದವರ ‘ಬ್ಲೂ ಅಂಡ್ ಲೋನ್‌ಸಮ್’ ಎಂಬ ಆ ಸಂಪುಟವು 2016ರ ಡಿಸೆಂಬರಿನಲ್ಲಿ ಹೊರಬಂದಿತು. ಛಂದೋಂಬುಧಿಯನ್ನು ಓದಿ ಬೆಳೆದ ನನ್ನ ಕಿವಿ ಅದರಲ್ಲಿ ಮೊದಲು ಹಿಡಿದದ್ದು ಪದ್ಯದ ಕಟ್ಟನ್ನು.

ಗುಲಾಮಗಿರಿ ಕಳೆದರೂ ಬವಣೆ ಕಳೆಯದ ಅಮೆರಿಕದ ಕಪ್ಪು ಜನರ ನಡುವೆ, ಆ ದೇಶದ ದಕ್ಷಿಣ ಸೀಮೆಯಲ್ಲಿ ಹುಟ್ಟಿದ ಹಾಡು ಬ್ಲೂಸ್. ಅದರ ನುಡಿ ಬಹುಮಟ್ಟಿಗೆ ಮೂರು ಸಾಲಿನದು. ಮೊದಲ ಸಾಲನ್ನೇ ಎರಡನೆಯದಾಗಿ ಮತ್ತೆ ಹೇಳಿ, ಮೂರನೆಯದರಲ್ಲಿ ಉತ್ತರ ಕೊಡುವುದು ಕ್ರಮ. ನಮ್ಮ ಬೀಸುಕಲ್ಲಿನ ತ್ರಿಪದಿಯಲ್ಲಿಯೂ ಹಾಡುವಾಗ ನಡುವಣ ಸಾಲು ಮರಳಿ ಬರುವುದುಂಟು. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಆದರೂ ದುಡಿಯುವ ಜೀವವು ತನ್ನ ಅಳಲನ್ನು ಒಮ್ಮೆ ಹೇಳಿ ತಣಿಯದೆಂಬುದಕ್ಕೆ ಎರಡೂ ಸಾಕ್ಷಿ.

ಮಿಸಿಸಿಪ್ಪಿಯ ಹತ್ತಿಯ ಸೀಮೆಯಿಂದ 1943ರಲ್ಲಿ ಶಿಕಾಗೋ ನಗರಕ್ಕೆ ಬಂದ ಮಡ್ಡಿ ವಾಟರ್ಸ್ ಈ ಹಾಡನ್ನು ವಿದ್ಯುತ್ ಗಿಟಾರಿಗೆ ಒಗ್ಗಿಸಿದವರಲ್ಲಿ ಪ್ರಮುಖರು. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಬಾಲ್ಯದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. 1961ರಲ್ಲಿ ಡಾರ್ಟ್‌ಫರ್ಡಿನ ರೈಲು ನಿಲ್ದಾಣದಲ್ಲಿ ಅವರು ಮತ್ತೆ ಸಂಧಿಸಿದಾಗ ಸ್ನೇಹವನ್ನು ಬೆಸೆದವು ಜಾಗರ್ ಅವರ ಕೈಯಲ್ಲಿದ್ದ ಧ್ವನಿಮುದ್ರಿಕೆಗಳು. ಅವುಗಳಲ್ಲೊಂದು ವಾಟರ್ಸ್ ಅವರದು. ಮರುವರ್ಷ ಕಟ್ಟಿದ ಮೇಳಕ್ಕೆ ಹೆಸರು ಬಂದುದೂ ಅವರದೇ ಹಾಡಿನಿಂದ. 1965ರಲ್ಲಿ ಅಮೆರಿಕದ ದೂರದರ್ಶನದ ‘ಶಿಂಡಿಗ್’ ಕಾರ್ಯಕ್ರಮವು ಈ ತರುಣರನ್ನು ಕರೆದಾಗ, ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕೆಂದು ಕೇಳಿಕೊಂಡು, ಅವರು ಹಾಡುವಾಗ ಕಾಲ ಬಳಿ ಕುಳಿತು ಕೇಳಿದರು. ಗುರುಋಣವೆಂಬ ಮಾತು ಅವರ ಭಾಷೆಯಲ್ಲಿದೆಯೋ ಇಲ್ಲವೋ, ಅವರ ನಡೆಯಲ್ಲಿತ್ತು.

ಆಮೇಲೆ ಸ್ವಂತ ಹಾಡುಗಳು, ಲೋಕಪ್ರಸಿದ್ಧಿ, ಅಪಾರ ಸಂಪತ್ತು. ಐವತ್ತು ವರ್ಷಗಳು ಸಂದವು. 2015ರ ಡಿಸೆಂಬರಿನಲ್ಲಿ ಹೊಸ ಹಾಡುಗಳಿಗಾಗಿ ಲಂಡನ್ನಿನ ಧ್ವನಿಮುದ್ರಣಾಲಯವೊಂದರಲ್ಲಿ ಕೂಡಿದಾಗ ಆ ಕೋಣೆಯ ನಾದ ಕೂಡಲೇ ಒಲಿಯಲಿಲ್ಲ. ಕೈ ಹದಗೊಳ್ಳಲೆಂದು ಲಿಟ್ಲ್ ವಾಲ್ಟರ್ ಅವರ ಹಳೆಯ ಹಾಡೊಂದನ್ನು ನುಡಿಸಿದರು. ಅದು ಸೊಗಸಾಯಿತು. ಇನ್ನೊಂದು, ಮತ್ತೊಂದು ಎನ್ನುತ್ತ ಮೂರೇ ದಿನಗಳಲ್ಲಿ 12 ಹಾಡುಗಳಾದವು. ಅವುಗಳಲ್ಲಿ ತಾವು ರಚಿಸಿದುದು ಒಂದೂ ಇಲ್ಲ. ಯೋಚಿಸಿ ಮಾಡಿದ್ದಲ್ಲ, ತಾನಾಗಿ ಆಯಿತು ಎಂಬ ಅರ್ಥದಲ್ಲಿಯೇ ಅವರು ಮುಂದೆ ಈ ಕೆಲಸವನ್ನು ನೆನೆದಿದ್ದಾರೆ. ತಾನಾಗಿ ಆಗುವುದಕ್ಕೂ ಐವತ್ತು ವರ್ಷಗಳ ಸಾಧನೆ ಬೇಕು. ಇಪ್ಪತ್ತರ ಹರೆಯದಲ್ಲಿ ಹಿರಿಯರ ದುಃಖವನ್ನು ಅನುಕರಿಸಬಹುದು. ಎಪ್ಪತ್ತರ ಹೊತ್ತಿಗೆ ಅನುಕರಣೆಯ ಅಗತ್ಯವೇ ಇರುವುದಿಲ್ಲ.

ಮೂವತ್ತು ವರ್ಷಗಳಿಂದ ನಾನು ಗಮಕಿ ಮಿತ್ರರೊಬ್ಬರ ವಾಚನಕ್ಕೆ ವ್ಯಾಖ್ಯಾನ ಹೇಳುತ್ತ ಬಂದವನು. ತಾರಸ್ಥಾಯಿ ಈಗ ಅವರ ಕಂಠಕ್ಕೆ ಎಟುಕದು. ಸಭೆಗಳನ್ನು ಅವರು ಒಪ್ಪಿಕೊಳ್ಳುವುದಿಲ್ಲ. ಈ ಸಂಪುಟವನ್ನು ಕೇಳಿದ ಮೇಲೆ ನಾನೇ ಅವರ ಮನೆಗೆ ಹೋಗಿ, ಮೊದಲಿಗೆ ಜೊತೆಯಾಗಿ ನಡೆಸಿದ ಕುಮಾರವ್ಯಾಸನ ಸಂಧಿಯನ್ನು ಓದೋಣವೆಂದೆ. ಅಂದಿನಿಂದ ವಾರಕ್ಕೊಮ್ಮೆ ಅವರ ಜಗಲಿಯಲ್ಲಿ ಕೂಡುತ್ತೇವೆ. ಅವರು ತಗ್ಗಿದ ದನಿಯಲ್ಲಿ ಓದುತ್ತಾರೆ. ನಾನು ವ್ಯಾಖ್ಯಾನ ಹೇಳುವುದಿಲ್ಲ, ಕೇಳುತ್ತೇನೆ. ಎಷ್ಟೋ ಷಟ್ಪದಿಗಳಿಗೆ ನನ್ನ ಮಾತು ಬೇಕಿರಲಿಲ್ಲವೆಂದು ಈಗ ತೋರುತ್ತದೆ.

ಆ ಮೇಳದ ಡ್ರಮ್ಸ್ ವಾದಕ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. ಅವರ ಜೀವಿತದಲ್ಲಿ ಹೊರಬಂದ ಮೇಳದ ಕಡೆಯ ಸ್ಟುಡಿಯೋ ಸಂಪುಟ ಇದೇ. 2023ರ ‘ಹ್ಯಾಕ್ನಿ ಡೈಮಂಡ್ಸ್’ ಸಂಪುಟದ ಕೊನೆಯಲ್ಲಿ ಜಾಗರ್, ರಿಚರ್ಡ್ಸ್ ಇಬ್ಬರೇ ಕುಳಿತು, ತಮ್ಮ ಮೇಳಕ್ಕೆ ಹೆಸರಿತ್ತ ವಾಟರ್ಸ್ ಅವರ ಹಾಡನ್ನು ಒಂದು ಗಿಟಾರು, ಒಂದು ಮೌತ್ ಆರ್ಗನ್ನಿನೊಡನೆ ಹಾಡಿದ್ದಾರೆ. ಒಂದೇ ಹಲಗೆಯ ಮುಂದೆ ಕುಳಿತು ಕಲಿತ ಹಳೆಯ ವಿದ್ಯಾರ್ಥಿಗಳು ಈ ಪುಟವನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ: ಜೊತೆಗಾರರು ಇರುವಾಗಲೇ ಮೊದಲ ಪಾಠಕ್ಕೆ ಒಮ್ಮೆ ಕೂಡಿ ಕುಳಿತುಕೊಳ್ಳಿ.