ಬಾಡ್ಸಿಯಲ್ಲಿ ಅಮ್ಮ ಕೇಳಿದ ಪ್ರಶ್ನೆ

ಇಪ್ಸ್‌ವಿಚ್‌ಗೆ ಬಂದು ನಾಲ್ಕು ವರ್ಷವಾದರೂ ನಾನು ಬಾಡ್ಸಿಗೆ ಹೋಗಿರಲಿಲ್ಲ. ಹತ್ತಿರವಿದ್ದದ್ದನ್ನು ಯಾವಾಗ ಬೇಕಾದರೂ ನೋಡಬಹುದು ಎಂಬ ಸೋಮಾರಿತನ. ಕಳೆದ ಬೇಸಿಗೆಯಲ್ಲಿ ಅಮ್ಮ ಬೆಂಗಳೂರಿನಿಂದ ಬಂದಾಗ ಸಮುದ್ರ ತೋರಿಸೋಣವೆಂದು ಫೆಲಿಕ್ಸ್‌ಸ್ಟೋಗೆ ಕರೆದುಕೊಂಡು ಹೋದೆ. ಅಲ್ಲಿಂದ ಪುಟ್ಟ ದೋಣಿಯಲ್ಲಿ ಡೆಬೆನ್ ನದಿ ದಾಟಿದರೆ ಆಚೆ ದಡವೇ ಬಾಡ್ಸಿ. ಯುದ್ಧಕ್ಕೆಂದು ಕೆಲಸ ಶುರುಮಾಡಿದ ಜಗತ್ತಿನ ಮೊದಲ ರೇಡಾರ್ ಠಾಣೆ ಇದ್ದ ಜಾಗ.

ಈಗ ನೋಡಲು ಹೆಚ್ಚೇನಿಲ್ಲ. ವಾಯುಪಡೆ 1991ರಲ್ಲಿ ಹೊರಟುಹೋಯಿತು. 360 ಅಡಿ ಎತ್ತರದ ಉಕ್ಕಿನ ಗೋಪುರಗಳಲ್ಲಿ ಕೊನೆಯದನ್ನು 2000ದಲ್ಲಿ ಉರುಳಿಸಿದರು. ಟ್ರಾನ್ಸ್‌ಮಿಟರ್ ಇದ್ದ ದಪ್ಪ ಗೋಡೆಯ ಕಟ್ಟಡ ಸ್ವಯಂಸೇವಕರ ಕೈಯಲ್ಲಿ ಮ್ಯೂಸಿಯಂ ಆಗಿದೆ.

ಇದೆಲ್ಲ ಹುಟ್ಟಿದ್ದು ಒಂದು ತಪ್ಪು ಪ್ರಶ್ನೆಯಿಂದ. ಶತ್ರು ವಿಮಾನವನ್ನು ರೇಡಿಯೋ ಅಲೆಯಿಂದ ಹೊಡೆಯುವ ‘ಮೃತ್ಯುಕಿರಣ’ ಸಾಧ್ಯವೇ ಎಂದು ಬ್ರಿಟನ್ನಿನ ವಾಯು ಸಚಿವಾಲಯ ರಾಬರ್ಟ್ ವ್ಯಾಟ್ಸನ್ ವ್ಯಾಟ್ ಅವರನ್ನು ಕೇಳಿತು. ಅವರ ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಲೆಕ್ಕ ಹಾಕಿ, ಆಗದು ಎಂದರು. ಆದರೆ ವಿಮಾನ ಹಾದುಹೋದಾಗ ರೇಡಿಯೋ ಸಂಕೇತ ಏರುಪೇರಾಗುವುದನ್ನು ಅಂಚೆ ಇಲಾಖೆಯ ಎಂಜಿನಿಯರುಗಳು ಗಮನಿಸಿದ್ದು ಅವರಿಗೆ ನೆನಪಿತ್ತು. ಹೊಡೆಯಲಾಗದಿದ್ದರೆ ಬೇಡ, ಎಲ್ಲಿದೆ ಎಂದಾದರೂ ತಿಳಿಯಬಹುದಲ್ಲ! 1935ರ ಫೆಬ್ರವರಿ 26ರಂದು ಡಾವೆಂಟ್ರಿಯ ಬಿಬಿಸಿ ಪ್ರಸಾರದ ಅಲೆಗಳನ್ನೇ ಬಳಸಿ, ಹಾರುತ್ತಿದ್ದ ಬಾಂಬರ್ ಒಂದನ್ನು ಎಂಟು ಮೈಲಿ ದೂರದಲ್ಲಿ ಗುರುತಿಸಿದರು. ಮರುವರ್ಷ ಸರ್ಕಾರ 24,000 ಪೌಂಡ್ ಕೊಟ್ಟು ಬಾಡ್ಸಿಯ ಬಂಗಲೆಯನ್ನು ಕೊಂಡಿತು. 1937ರಲ್ಲಿ ಠಾಣೆ ವಾಯುಪಡೆಯ ಕೈಗೆ ಬಂತು.

ಅಮ್ಮನಿಗೆ ಈ ಕಥೆಯಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರು ನಿಂತದ್ದು ಪರದೆಯ ಮುಂದೆ ಕೂತ ಸಮವಸ್ತ್ರದ ಹುಡುಗಿಯ ಚಿತ್ರದ ಎದುರು. ವಾಯುಪಡೆಯ ಮಹಿಳಾ ವಿಭಾಗದ ಇಂಥ ಹುಡುಗಿಯರೇ 1940ರಲ್ಲಿ ಹಗಲೂ ರಾತ್ರಿ ಪಾಳಿಯಲ್ಲಿ ಪರದೆ ಕಾಯುತ್ತಿದ್ದರು. ಪರದೆಯ ಮೇಲೊಂದು ಅಡ್ಡಗೆರೆ. ವಿಮಾನದಿಂದ ಅಲೆ ಮರಳಿ ಬಂದರೆ ಗೆರೆಯಲ್ಲೊಂದು ಸಣ್ಣ ಕುಳಿ ಬೀಳುತ್ತಿತ್ತು. ಅದು ಬಿದ್ದ ಜಾಗದಿಂದ ದೂರ ತಿಳಿಯುತ್ತಿತ್ತು, ಗುಂಡಿಯೊಂದನ್ನು ತಿರುಗಿಸಿ ದಿಕ್ಕು ಹುಡುಕಬೇಕಿತ್ತು. ಬರುತ್ತಿರುವುದು ಮೂರು ವಿಮಾನವೋ ಮೂವತ್ತೋ ಎಂಬುದನ್ನು ಆ ಕುಳಿಯ ನಡುಕ ನೋಡಿಯೇ ಅಂದಾಜು ಮಾಡಬೇಕು. ಹೇಳಿದ್ದು ಫೋನಿನಲ್ಲಿ ಲಂಡನ್ನಿನ ಹೊರವಲಯದ ಬೆಂಟ್ಲಿ ಪ್ರಯರಿಗೆ ಹೋಗುತ್ತಿತ್ತು.

ಮಾಡಿದ ಕೆಲಸವನ್ನು ಅವರು ಯಾರಿಗೂ ಹೇಳುವಂತಿರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷ ಕಳೆದರೂ ಬಾಯಿ ಬಿಡದವರಿದ್ದರು. ನಾನು ಇದನ್ನು ವಿವರಿಸಿದಾಗ ಅಮ್ಮ, “ಗಂಡಂದಿರಿಗೂ ಹೇಳ್ತಿರ್ಲಿಲ್ವಾ?” ಎಂದು ಕೇಳಿದರು.

ಅಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸೈನ್ಯದ ರೇಡಾರ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ್ದರು. ನಮಗೆ ಗೊತ್ತಿದ್ದದ್ದು ಅಷ್ಟೇ. “ಇವತ್ತೇನು ಮಾಡಿದ್ರಿ?” ಎಂದರೆ “ಅದೇ, ವೈರಿಂಗು” ಎಂದು ತಟ್ಟೆಯ ಕಡೆ ನೋಡುತ್ತಿದ್ದರು. ತೀರಿಕೊಂಡು ಮೂರು ವರ್ಷವಾಯಿತು.

“ನಂಗರ್ಥ ಆಗಲ್ಲ ಅಂತ ಹೇಳ್ತಿರ್ಲಿಲ್ಲ ಅಂದ್ಕೊಂಡಿದ್ದೆ ಕಣೋ. ಎಂಟನೇ ಕ್ಲಾಸು ಓದಿದೋಳು ಅಂತ” ಎಂದರು ಅಮ್ಮ. ಅಷ್ಟು ವರ್ಷದ ಸಂಸಾರದಲ್ಲಿ ಹೀಗೊಂದು ಮುಳ್ಳು ಇದ್ದದ್ದು ನನಗೆ ತಿಳಿದೇ ಇರಲಿಲ್ಲ.

“ಹೇಳೋ ಹಾಗಿರಲಿಲ್ಲ ಅಮ್ಮ, ನಿಯಮ” ಎಂದುಬಿಟ್ಟೆ. ನಿಯಮ ಇದ್ದಿರಬಹುದು. ಆದರೆ ಅಪ್ಪ ತಮ್ಮ ಮಂಡಿನೋವಿನ ಬಗ್ಗೆಯೂ ಹೇಳಿದವರಲ್ಲ, ಅದಕ್ಕೆ ಯಾವ ಸರ್ಕಾರದ ನಿಯಮವೂ ಇರಲಿಲ್ಲ. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಹಿಂದಿರುಗುವಾಗ ದೋಣಿ ಆಚೆ ದಡದಲ್ಲಿತ್ತು. ಬಾಡ್ಸಿಯ ಕಡೆಯವರು ದೋಣಿಯವನನ್ನು ಕರೆಯಲೆಂದು ಒಂದು ಬ್ಯಾಟು ಇಟ್ಟಿದ್ದಾರೆ, ಅದನ್ನೆತ್ತಿ ಬೀಸಬೇಕು. ರೇಡಾರ್ ಹುಟ್ಟಿ ಬೆಳೆದ ಊರಿನಲ್ಲಿ ಈಗಲೂ ಇದೇ ವ್ಯವಸ್ಥೆ! ಅಮ್ಮ ನನ್ನ ಕೈಯಿಂದ ಬ್ಯಾಟು ಕಿತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸತೊಡಗಿದರು. “ಅವನಿಗೆ ಕಾಣ್ಸತ್ತೇನೋ?” ಎಂದು ಎರಡು ಸಲ ಕೇಳಿದರು. ಸ್ವಲ್ಪ ಹೊತ್ತಿಗೆ ದೋಣಿ ನಮ್ಮ ಕಡೆ ತಿರುಗಿತು.