ಇಮ್ಮಡಿ ಬಡ್ತಿ

ನಮ್ಮ ಹಿರಿಯರ ಕಾಲದ ಶಾಲೆಗಳಲ್ಲಿ ‘ಡಬ್ಬಲ್ ಪ್ರಮೋಶನ್’ ಎಂಬುದೊಂದು ಗೌರವವಿತ್ತು. ಚುರುಕಾದ ಹುಡುಗನನ್ನು ಮೂರನೆಯ ತರಗತಿಯಿಂದ ನೇರವಾಗಿ ಐದನೆಯದಕ್ಕೆ ಏರಿಸುತ್ತಿದ್ದರು. ನಮ್ಮ ಮನೆತನದ ಹಿರಿಯರೊಬ್ಬರಿಗೆ ಅಂತಹ ಬಡ್ತಿ ದೊರೆತಿತ್ತೆಂಬ ಮಾತು ಮದುವೆ ಮುಂಜಿಗಳ ಪಂಕ್ತಿಯಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಹಿರಿಯರು ಮುಂದೆ ಏನಾದರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮಗೂ ಕೇಳಬೇಕೆಂದು ತೋರಿರಲಿಲ್ಲ, ಆ ಗೌರವ ನಮ್ಮ ಅಂಗಳಕ್ಕೇ ಬಂದು ನಿಲ್ಲುವವರೆಗೆ.

ನಾವೆಂದರೆ ನಾವಿಬ್ಬರು, ಶಿರಿಯದ ಒಂದು ಸಾಮಾನ್ಯ ಸಂಸಾರದ ತಂದೆತಾಯಿಗಳು. ನಮಗೆ ಇಬ್ಬರು ಮಕ್ಕಳು. ಹಿರಿಯವಳು ಐದನೆಯ ತರಗತಿಯನ್ನೂ, ಕಿರಿಯವನು ನಾಲ್ಕನೆಯದನ್ನೂ ಕನ್ನಡ ಮಾಧ್ಯಮದಲ್ಲಿ ಮುಗಿಸಿದ್ದರು. ಹುಡುಗನಿಗೆ ಆಗ ಒಂಬತ್ತು ವರ್ಷ. ಅವನಿಗೆ ಲೆಕ್ಕವೆಂದರೆ ಬೆಲ್ಲ. ಮಂಗಳೂರಿನ ಕಡೆಗೆ ಹೋಗುವ ಗೂಡ್ಸ್ ಗಾಡಿಯ ಶಬ್ದ ಕೇಳಿದೊಡನೆ ಅಂಗಳಕ್ಕೆ ಓಡುವನು. ಡಬ್ಬಿಗಳನ್ನು ಎಣಿಸಿ, ಒಂದಕ್ಕೆ ಎಂಟರಂತೆ ಚಕ್ರಗಳ ಲೆಕ್ಕವನ್ನು, ಕೊನೆಯ ಡಬ್ಬಿ ಕಣ್ಮರೆಯಾಗುವ ಮೊದಲೇ ಒಪ್ಪಿಸುವನು. ಅಕ್ಕನ ಪುಸ್ತಕದ ಭಿನ್ನರಾಶಿಗಳನ್ನು ಅವಳಿಗಿಂತ ಮೊದಲು ಬಿಡಿಸಿದವನು ಅವನೇ.

ಅದೇ ಹುಡುಗ ಒಂದು ಮಳೆಗಾಲದಲ್ಲಿ ಮೂರು ಕೊಡೆಗಳನ್ನು ಕಳೆದನು. ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವನು. ಬರೆಯಲು ಹೇಳಿದರೆ ಎರಡು ಸಾಲಾದ ಮೇಲೆ ಪುಸ್ತಕ ಬರಿದು. ನಾಲ್ಕನೆಯ ತರಗತಿಯ ಎಲ್.ಎಸ್.ಎಸ್. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದೆನೆಂದು ಹಿಗ್ಗಿ ಹೊರಬಂದನು. ಕೊನೆಯ ಪುಟವನ್ನು ತಿರುವಿ ನೋಡಿಯೇ ಇರಲಿಲ್ಲ. ಇದು ಉಡಾಫೆಯೆಂದು ನಾವು ಬಗೆದಿದ್ದೆವು. ಕೈ ಮಾಡಿದ್ದೂ ಉಂಟು. ಮಂಗಳೂರಿನ ವೈದ್ಯರೊಬ್ಬರು ಮೂರು ಸಲ ಕರೆಸಿ, ಶಾಲೆಯವರಿಂದಲೂ ವಿವರ ತರಿಸಿಕೊಂಡು, ಇದು ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಎ.ಡಿ.ಎಚ್.ಡಿ. ಎಂದು ಹೇಳಿದ ದಿನ, ಮರಳುವ ಬಸ್ಸಿನಲ್ಲಿ ತಲಪಾಡಿ ದಾಟುವವರೆಗೂ ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಹೀಗಿರುವಲ್ಲಿ ಕಳೆದ ಬೇಸಗೆ ರಜೆಯ ಆರಂಭದಲ್ಲಿ ಶಾಲೆಯಿಂದ ಸೂಚನೆ ಬಂತು: ಹುಡುಗನನ್ನು ಐದಕ್ಕೆ ಕೂರಿಸದೆ ಆರಕ್ಕೇ ಸೇರಿಸಿದರೆ ಹೇಗೆ? ತನಗೆ ತಿಳಿದುದನ್ನೇ ಮತ್ತೆ ಕೇಳಿ ಬೇಸತ್ತು ತಂಟೆ ಮಾಡುತ್ತಾನೆ. ಮೇಲಿನ ತರಗತಿಯಾದರೆ ಬುದ್ಧಿಗೆ ಕೆಲಸ ಸಿಕ್ಕೀತು. ನೀವು ಒಪ್ಪುವುದಾದರೆ ಮೇಲಧಿಕಾರಿಗಳಿಗೆ ಬರೆಯೋಣ ಎಂದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಚಿಂತೆಯಿಂದಲ್ಲ, ಹಿಗ್ಗಿನಿಂದ. ಸರ್ ಸಿ. ವಿ. ರಾಮನ್‌ರು 1907ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಎಂ.ಎ. ಮುಗಿಸಿದವರೆಂಬುದನ್ನು ಬಂಧುಗಳೊಬ್ಬರು ನೆನಪಿಸಿದರು. ಪತ್ತನಾಜೆಯೊಳಗೆ ಉತ್ತರ ಹೇಳುವೆವೆಂದು ಶಾಲೆಗೆ ತಿಳಿಸಿದೆವು.

ಉತ್ತರಕ್ಕಾಗಿ ನಾವು ಓದಲಾರಂಭಿಸಿದೆವು. ಮೊದಲು ಸಿಕ್ಕಿದ್ದು ನಮಗೆ ಪ್ರಿಯವಾದುದೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ 2004ರಲ್ಲಿ ‘ಎ ನೇಶನ್ ಡಿಸೀವ್ಡ್’ ಎಂಬ ವರದಿ ಹೊರಬಂದಿದೆ. ಪ್ರತಿಭಾವಂತ ಮಕ್ಕಳನ್ನು ತರಗತಿ ಹಾರಿಸುವುದರಿಂದ ಓದಿಗೆ ಲಾಭವೇ ಹೆಚ್ಚು. ಗೆಳೆತನ ಕೆಡುತ್ತದೆ, ಮನಸ್ಸು ಮುದುಡುತ್ತದೆ ಎಂಬ ಭಯಕ್ಕೆ ಆಧಾರ ಸಾಲದು ಎಂಬುದು ಅದರ ಸಾರ. ಹಾರಿಸದೆ ಹಿಡಿದಿಡುವುದೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಈ ಮಾತನ್ನು ನಾವು ಇಂದಿಗೂ ತಳ್ಳಿಹಾಕುವುದಿಲ್ಲ.

ಆದರೆ ಎರಡನೆಯ ಓದು ನಮ್ಮನ್ನು ತಡೆದು ನಿಲ್ಲಿಸಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಈ ತೊಂದರೆಯಿರುವ 223 ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳದರೊಂದಿಗೆ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಮಿದುಳಿನ ಹೊರಪದರದ ಅರ್ಧಭಾಗವು ತನ್ನ ಗರಿಷ್ಠ ದಪ್ಪವನ್ನು ತಲಪುವುದು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕಾದರೆ, ಈ ಮಕ್ಕಳಲ್ಲಿ ಹತ್ತೂವರೆಗೆ. ವಿಳಂಬವು ಹೆಚ್ಚಾಗಿ ಕಂಡುದು ಹಣೆಯ ಹಿಂದಿನ ಭಾಗದಲ್ಲಿ. ಕಾದು ಕೂರುವುದು, ಯೋಚಿಸಿ ಹೆಜ್ಜೆಯಿಡುವುದು ಅದರ ಕೆಲಸ. ಕೈಕಾಲುಗಳ ಚಲನೆಯನ್ನು ಆಳುವ ಭಾಗವಾದರೋ ತುಸು ಬೇಗನೆಯೇ ಬಲಿಯುತ್ತದೆಯಂತೆ. ಕುದುರೆಗೆ ಕಾಲು ಮೊದಲು ಬಂದು, ಲಗಾಮು ಮೂರು ವರ್ಷ ತಡವಾಗಿ ಬಂದಂತೆ!

ಮೂರನೆಯದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಂಬತ್ತು ಲಕ್ಷಕ್ಕೂ ಮಿಕ್ಕ ಮಕ್ಕಳ ದಾಖಲೆಗಳ ಅಧ್ಯಯನ, ಪ್ರಕಟವಾದುದು 2012ರಲ್ಲಿ. ಅಲ್ಲಿ ಶಾಲೆಗೆ ಸೇರಿಸಲು ವಯಸ್ಸಿನ ಗಡಿ ಡಿಸೆಂಬರ್ ಕೊನೆ. ಆದುದರಿಂದ ಡಿಸೆಂಬರಿನಲ್ಲಿ ಹುಟ್ಟಿದವರು ತರಗತಿಯ ಕಿರಿಯರು, ಜನವರಿಯವರು ಹಿರಿಯರು. ಹಿರಿಯರಿಗಿಂತ ಕಿರಿಯ ಗಂಡುಮಕ್ಕಳಿಗೆ ಶೇಕಡಾ 30ರಷ್ಟೂ, ಹೆಣ್ಣುಮಕ್ಕಳಿಗೆ ಶೇಕಡಾ 70ರಷ್ಟೂ ಹೆಚ್ಚಾಗಿ ಇದೇ ತೊಂದರೆಯ ಹೆಸರನ್ನು ಹಚ್ಚಲಾಗಿತ್ತು. ಅಂದರೆ ಕೆಲವು ತಿಂಗಳ ಎಳೆತನವನ್ನೇ ರೋಗವೆಂದು ಓದುವ ಸಂಭವವಿದೆ. ಹಾಗಿದ್ದಲ್ಲಿ, ಈಗಾಗಲೇ ತೊಂದರೆಯಿರುವ ಮಗುವನ್ನು ನಾವಾಗಿಯೇ ತರಗತಿಯ ಅತಿ ಕಿರಿಯನನ್ನಾಗಿ ಮಾಡಿದರೆ? ಅವನ ಚಡಪಡಿಕೆ ಅಷ್ಟೇ ಇರುತ್ತದೆ. ಅಳೆಯುವ ಕೋಲು ಮಾತ್ರ ಒಂದು ವರ್ಷ ಉದ್ದವಾಗುತ್ತದೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ, ಶಾಲೆಗೆ ಸೇರದೆ ಉಳಿದ ಮಕ್ಕಳ ಬಗೆಗೆ, ವಯಸ್ಸಿಗೆ ತಕ್ಕ ತರಗತಿಯೆಂಬ ಮಾತು ಬರುತ್ತದೆ. ನಮ್ಮ ಹುಡುಗನ ವಯಸ್ಸು ಯಾವುದು? ಲೆಕ್ಕದಲ್ಲಿ ಅವನು ಹನ್ನೆರಡರವನು, ಕೊಡೆಯ ವಿಷಯದಲ್ಲಿ ಆರರವನು, ಅತ್ತಾಗ ನಾಲ್ಕರವನು. ಇಷ್ಟು ವಯಸ್ಸುಗಳ ಒಬ್ಬ ಹುಡುಗನನ್ನು ಒಂದೇ ಬೆಂಚಿನಲ್ಲಿ ಕೂರಿಸುವುದು ಹೇಗೆ? ಅಲ್ಲದೆ ನಮ್ಮ ರಾಜ್ಯದ ಶಾಲೆಗಳಲ್ಲಿ ಹಿಂದಿಯ ಅಕ್ಷರಾಭ್ಯಾಸ ಆಗುವುದೇ ಐದನೆಯ ತರಗತಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಗಳಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಹಂಚಿಹೋದ ಗಡಿನಾಡಿನ ಮಗುವಿಗೆ ಇನ್ನೊಂದು ಲಿಪಿಯ ಮೊದಲ ವರ್ಷವನ್ನೇ ಕಳೆಯುವುದು ಸಣ್ಣ ನಷ್ಟವಲ್ಲ.

ಇಷ್ಟೆಲ್ಲ ತೂಗಿದ ನಾವು ಕಣ್ಣೆದುರಿಗಿದ್ದುದನ್ನೇ ಕಂಡಿರಲಿಲ್ಲ. ಒಂದು ಸಂಜೆ ಮಗಳು ಪಾತ್ರೆ ಒರೆಸುತ್ತಾ ಕೇಳಿದಳು: “ಅವನು ಆರಕ್ಕೆ ಬಂದರೆ ನಾನು ಎಲ್ಲಿಗೆ ಹೋಗಬೇಕು?” ಕನ್ನಡ ಮಾಧ್ಯಮದಲ್ಲಿ ತರಗತಿಗೆ ಒಂದೇ ವಿಭಾಗ. ತಮ್ಮನು ಅವಳ ತರಗತಿಗೇ ಬಂದು, ಅವಳ ಎದುರಿನಲ್ಲೇ ಅವಳಿಗಿಂತ ಮೊದಲು ಕೈ ಎತ್ತುವನು. ಮೆಲ್ಲಗೆ, ತಪ್ಪದೆ ಓದುವ ಹುಡುಗಿ. ನಮಗೆ ಒಂದು ದಿನವೂ ತೊಂದರೆ ಕೊಟ್ಟವಳಲ್ಲ. ಆದುದರಿಂದಲೇ ನಮ್ಮ ಲೆಕ್ಕಕ್ಕೆ ಬಾರದೆ ಹೋದವಳು. ಬಡ್ತಿಯನ್ನು ಸಮರ್ಥಿಸುವ ಅಯೋವಾದವರೇ ಮಾಡಿದ ಅಳತೆಪಟ್ಟಿಯಲ್ಲಿ, ಒಡಹುಟ್ಟಿದವರು ಇರುವ ತರಗತಿಗೆ ಮಗುವನ್ನು ಹಾರಿಸಕೂಡದು, ಮಗು ಒಲ್ಲೆನೆಂದರೂ ಹಾರಿಸಕೂಡದು ಎಂದಿರುವುದನ್ನು ನಾವು ಆಮೇಲೆ ಓದಿದೆವು. ನಾಚಿಕೆಯಾಯಿತು.

ಮಗುವನ್ನೂ ಅಲ್ಲಿಯವರೆಗೆ ಕೇಳಿರಲಿಲ್ಲ. ಕೇಳಿದಾಗ ಅವನು, “ಲೆಕ್ಕಕ್ಕೆ ಮಾತ್ರ ಹೋಗಬಹುದೇ?” ಎಂದನು.

ಈ ಮಾತನ್ನು ನೆರೆಮನೆಯ ಹಿರಿಯರೊಂದಿಗೆ ಹೇಳಿಕೊಂಡೆವು. ಅವರು ಹವ್ಯಾಸಿ ವೇಷಧಾರಿಗಳು. ಪಾರ್ತಿಸುಬ್ಬನ ಕುಂಬಳೆ ನಮಗೆ ನೆರೆಯೂರಲ್ಲವೆ! ಅವರೆಂದರು: “ಮೇಳದಲ್ಲಿ ಕೋಡಂಗಿಯಿಂದ ಆರಂಭಿಸಿ ಬಾಲಗೋಪಾಲ ಕಟ್ಟಿ ಮೇಲೆ ಬರುವುದು ಕ್ರಮ. ಕಾಲು ಚುರುಕಾದವನಿಗೆ ಪುಂಡುವೇಷ ಬೇಗ ದೊರೆತೀತು. ಹಾಗೆಂದು ಅವನಿಗೆ ಅದೇ ರಾತ್ರಿ ಅರ್ಥ ಹೇಳುವ ಭೀಷ್ಮನನ್ನು ಕೊಡುವವರುಂಟೆ? ಕುಣಿತಕ್ಕೊಂದು ಬಡ್ತಿ, ಮಾತಿಗೊಂದು ಬಡ್ತಿ.”

ಪತ್ತನಾಜೆಗೆ ಎರಡು ದಿನವಿರುವಾಗ ನಾವು ಶಾಲೆಗೆ ಹೋದೆವು. ಹುಡುಗ ಐದರಲ್ಲೇ ಇರಲಿ. ಲೆಕ್ಕದ ಪಾಠಕ್ಕೆ ಮಾತ್ರ ಏಳನೆಯದರಲ್ಲಿ ಕೂರಲಿ. ಆರು ಅಕ್ಕನದು, ಅದು ಅವಳಿಗೇ ಇರಲಿ ಎಂದೆವು. ವೇಳಾಪಟ್ಟಿಯಲ್ಲಿ ಎರಡು ತರಗತಿಗಳ ಲೆಕ್ಕದ ಪಾಠಗಳನ್ನು ಒಂದೇ ಹೊತ್ತಿಗೆ ಹೊಂದಿಸಬೇಕಾಗಿತ್ತು. ಮುಖ್ಯೋಪಾಧ್ಯಾಯರು ಬಹಳ ಹೊತ್ತು ಸುಮ್ಮನಿದ್ದು ಪೆನ್ಸಿಲ್ ಕೈಗೆತ್ತಿಕೊಂಡರು. ಅವರಿಗೆ ನಾವು ಋಣಿಗಳು.

ಇದು ಸರಿಯಾದ ತೀರ್ಮಾನವೆಂದು ಸಾರಲು ಈ ಲೇಖನವಲ್ಲ. ಬೇರೆ ಮಗುವಿಗೆ, ಅಕ್ಕನಿಲ್ಲದ ಮಗುವಿಗೆ, ಹಾರುವುದೇ ಹಿತವಾದೀತು. ವರ್ಷಕ್ಕೊಮ್ಮೆ ಈ ಪ್ರಶ್ನೆಯನ್ನು ಮರಳಿ ತೆರೆಯುವುದಾಗಿ ನಾವೂ ಮಾತುಕೊಟ್ಟುಕೊಂಡಿದ್ದೇವೆ. ವಾಚಕರಲ್ಲಿ ಹೇಳತಕ್ಕದ್ದಿಷ್ಟೇ: ಬಡ್ತಿಯ ಪತ್ರ ಬಂದಾಗ, ಅದು ಯಾರ ಹಸಿವನ್ನು ತಣಿಸುತ್ತದೆಂಬುದನ್ನು ಮೊದಲು ನೋಡಬೇಕು. ನಮ್ಮ ಮನೆಯಲ್ಲಿ ಅದು ಮಗುವಿನದಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ದಿನಕ್ಕೆ ಮುಕ್ಕಾಲು ಗಂಟೆಯ ಕಠಿನವಾದ ಲೆಕ್ಕ.

ಜೂನ್ ತಿಂಗಳ ಮೊದಲ ದಿನ ಹುಡುಗ ಏಳರ ಪಾಠ ಮುಗಿದ ಮೇಲೆ ತನ್ನ ತರಗತಿಗೆ ಮರಳಲು ಮರೆತು, ಮಲಯಾಳ ವಿಭಾಗದ ಐದರಲ್ಲಿ ಹೋಗಿ ಕುಳಿತನಂತೆ. ಅಕ್ಕನೇ ಹುಡುಕಿ ಕರೆತಂದಳು. ಕೊಡೆ ಮಾತ್ರ ಏಳರಲ್ಲೇ ಉಳಿದಿತ್ತು. ಇಬ್ಬರೂ ಒಂದೇ ಕೊಡೆಯಲ್ಲಿ ನೆನೆಯುತ್ತ ಮನೆಗೆ ಬಂದರು.